ಅರಕಲಗೂಡಿನ ಶನಿವಾರಗಳು

ಹೊಳೆನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಗಣಿತ ಹೇಳುತ್ತಿದ್ದೆ. ಏಳೆಂಟು ವರ್ಷದ ಹಿಂದಿನ ಮಾತು. ಆ ಸಲ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಹಾಸನದ ಹತ್ತಿರದ ಮೊಸಳೆ ಎಂಬ ಊರಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಅಕ್ಕಪಕ್ಕದಲ್ಲಿ ಒಂದೇ ಥರದ ಎರಡು ಗುಡಿಗಳಿವೆ. ಮಕ್ಕಳು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಓಡಾಡುತ್ತ ಏನು ವ್ಯತ್ಯಾಸ ಎಂದು ಹುಡುಕುತ್ತಿದ್ದರು. ಹೊರಡುವ ಮುಂಚೆ ಎಣಿಸಿದರೆ ಒಂದು ತಲೆ ಕಡಿಮೆ. ಗಾಬರಿಯಾಗಿ ಒಳಗೆ ಹೋದೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕಲ್ಲುಹಾಸಿನ ಮೇಲೆ ಅಂಗಾತ ಮಲಗಿದ್ದಳು.

"ಯಾಕವ್ವ, ಹುಷಾರಿಲ್ವಾ?" ಎಂದೆ.

"ಚೆಂದಾಗಿವ್ನಿ ಸಾ. ಮೇಲೆ ನೋಡ್ತಿದ್ದೆ."

ಮೇಲೆ ಚಾವಣಿಯಲ್ಲಿ ಒಂದು ಚೌಕ. ಅದರೊಳಗೆ ಓರೆಯಾಗಿ ಕೂಡಿಸಿದ ಇನ್ನೊಂದು ಚೌಕ, ಅದರ ನಾಲ್ಕು ಮೂಲೆಗಳೂ ಹೊರಗಿನದರ ಅಂಚಿನ ನಡುಮಧ್ಯಕ್ಕೆ ತಾಕಿದ್ದವು. ಆ ಗುಡಿಗೆ ನಾನು ಹತ್ತು ಸಲವಾದರೂ ಹೋಗಿದ್ದೇನೆ. ಕೆತ್ತನೆ ನೋಡಿದ್ದೆನೇ ಹೊರತು ಚೌಕ ನೋಡಿರಲಿಲ್ಲ.

"ಒಳಗಿನ ಚೌಕ ಹೊರಗಿಂದರ ಅರ್ಧ ಸಾ," ಎಂದಳು.

"ಯಾರು ಹೇಳಿದ್ರು?"

"ಯಾರೂ ಏಳ್ನಿಲ್ಲ. ಅಂಗೇ ಕಾಣ್ತದೆ."

ನನಗೆ ನಂಬಿಕೆ ಬರಲಿಲ್ಲ ಎಂದು ಅವಳಿಗೆ ಗೊತ್ತಾಯಿತೇನೋ. ಎದ್ದು ನನ್ನ ಕೈಯಲ್ಲಿದ್ದ ಹಾಜರಿ ಪಟ್ಟಿಯನ್ನು ಕೇಳಿ ತೆಗೆದುಕೊಂಡು, ಉದ್ದದ ಭಾಗ ಹಿಂದಕ್ಕೆ ಮಡಚಿ ಚೌಕ ಮಾಡಿದಳು. ಆಮೇಲೆ ನಾಲ್ಕು ಮೂಲೆಗಳನ್ನೂ ನಡುವಿನ ಬಿಂದುವಿಗೆ ತಂದು ಮಡಚಿದಳು. ಮಡಚಿದ ನಾಲ್ಕು ತುಂಡುಗಳು ಒಳಗಿನ ಚೌಕವನ್ನು ಎಲ್ಲೂ ಬಿಡದೆ, ಎಲ್ಲೂ ಒಂದರ ಮೇಲೊಂದು ಹತ್ತದೆ ಪೂರ್ತಿ ಮುಚ್ಚಿದವು. ಹೊರಗಿನದು ಒಳಗಿನದರ ಎರಡರಷ್ಟು. ಒಂಬತ್ತು ವರ್ಷದ ಹುಡುಗಿ ಒಂದು ಮಾತೂ ಆಡದೆ ಸಾಧಿಸಿ ತೋರಿಸಿ, ಪಟ್ಟಿಯನ್ನು ನೀಟಾಗಿ ಬಿಡಿಸಿ ವಾಪಸು ಕೊಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಚಾಕೊಲೇಟಿನ ಕಾಗದವೊಂದನ್ನು ಹಾಗೇ ಮಡಚುತ್ತ ಕೂತಿದ್ದಳು. ಇಳಿಯುವ ಮುಂಚೆ ನನ್ನ ಸೀಟಿನ ಹತ್ತಿರ ಬಂದು, "ಕಾಗದ ದಪ್ಪ ಆಯ್ತು ಸಾ, ಅದ್ಕೆ ನಿಂತೋಯ್ತು. ಮನ್ಸಲ್ಲೇ ಮಡಚ್ಕಂಡು ಓಯ್ತಾ ಇದ್ರೆ ನಿಲ್ಲದೇ ಇಲ್ಲ, ಅಲ್ವಾ?" ಎಂದು ಕೇಳಿದಳು. ಹೌದು ಎಂದೆ.

ಅವಳ ತಾಯಿ ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಮಾರನೆಯ ದಿನ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ನಿನ್ನ ಮಗಳು ಭಾರಿ ಬುದ್ಧಿವಂತೆ ಎಂದೆ. ಅವಳು ಸೌಟು ಕೆಳಗಿಟ್ಟು, "ಅಂಗನ್ಬೇಡಿ ಸಾ. ಎಲ್ಲಾ ಮಕ್ಳಂಗೆ ಇರ್ಲಿ. ಒಬ್ಳೇ ಬ್ಯಾರೆ ಆಗ್ಬುಟ್ರೆ ಯಾರೂ ಜೊತೇಲಿ ಆಟಕ್ಕೆ ಸೇರ್ಸಲ್ಲ," ಎಂದಳು. ನಾನು ಸಂತೋಷದ ಸುದ್ದಿ ಹೇಳಲು ಹೋದವನು ತಪ್ಪು ಮಾಡಿದವನ ಹಾಗೆ ಹಿಂದಿರುಗಿದೆ.

ಅದೇ ತಿಂಗಳು ಚನ್ನರಾಯಪಟ್ಟಣದಲ್ಲಿ ಗಣಿತ ಶಿಕ್ಷಕರಿಗೆ ಒಂದು ದಿನದ ತರಬೇತಿ ಇತ್ತು. ವಿಷಯ, ಪ್ರತಿಭಾವಂತ ಮಕ್ಕಳ ಶಿಕ್ಷಣ. ಹೊರಗಿನಿಂದ ಬಂದಿದ್ದ ಒಬ್ಬ ಯುವಕ ಗೋಡೆಯ ಮೇಲೆ ಚಿತ್ರಗಳನ್ನು ಬಿಡುತ್ತ ಅದರ ಚರಿತ್ರೆ ಹೇಳಿದ. ಯಾವುದೋ ದೇಶದಲ್ಲಿ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ ಮಾಡಿದರು, ಇನ್ಯಾವುದೋ ದೇಶದಲ್ಲಿ ಅಂಥ ಮಕ್ಕಳಿಗೇ ಬೇರೆ ಶಾಲೆ ತೆರೆದರು. ಎಲ್ಲವನ್ನೂ ಚೆನ್ನಾಗಿ ಓದಿಕೊಂಡು ಬಂದಿದ್ದ. ಊಟದ ಹೊತ್ತಿಗೆ ಎಲ್ಲರಿಗೂ ಒಂದು ಫಾರಂ ಕೊಟ್ಟರು. ಶೇಕಡಾ ತೊಂಬತ್ತರ ಮೇಲೆ ಅಂಕ ತೆಗೆದ ಮಕ್ಕಳ ಹೆಸರು ತುಂಬಬೇಕು. ನಮ್ಮ ಹುಡುಗಿಗೆ ಅಷ್ಟು ಅಂಕ ಬರುತ್ತಿರಲಿಲ್ಲ. ಉತ್ತರ ಬರೆಯುತ್ತಿದ್ದಳು, ಮಾಡಿದ ಕ್ರಮ ಬರೆಯುತ್ತಿರಲಿಲ್ಲ. ಅದಕ್ಕೆ ನಾನೇ ಅರ್ಧದಷ್ಟು ಅಂಕ ಕತ್ತರಿಸಿದ್ದೆ. ಖಾಲಿ ಫಾರಂ ಜೇಬಿಗಿಟ್ಟುಕೊಂಡು ಹೊರಗೆ ಬಂದೆ.

ಆ ಚರಿತ್ರೆಯಲ್ಲಿ ನಮ್ಮ ಕಡೆಯವರು ಯಾರೂ ಇರಲಿಲ್ಲ. ನನಗೆ ಒಬ್ಬರು ಗೊತ್ತಿದ್ದರು.

ನಾನು ಹುಟ್ಟಿದ್ದು ದಂಡಿಗನಹಳ್ಳಿ ಹೋಬಳಿಯ ಒಂದು ಊರಿನಲ್ಲಿ. ನಮ್ಮ ಬೀದಿ ಊರಿನಿಂದ ಸ್ವಲ್ಪ ಹೊರಗೆ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ನಾನು ಎರಡನೇ ತರಗತಿಯಲ್ಲಿದ್ದಾಗ ಒಬ್ಬರು ಮೇಡಂ ನಮ್ಮ ಶಾಲೆಗೆ ವರ್ಗವಾಗಿ ಬಂದರು. ಬಸ್ಸಿಳಿದು ಎರಡು ಮೈಲಿ ನಡೆದು ಬರುತ್ತಿದ್ದ ಎತ್ತರದ ಹೆಂಗಸು. ಆಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಮಾರನೆಯ ವರ್ಷ ಮೂರನೇ ತರಗತಿಯ ಲೆಕ್ಕವನ್ನೆಲ್ಲ ನಾನು ಗೌರಿ ಹಬ್ಬದೊಳಗೆ ಮುಗಿಸಿ ಕೂತಿದ್ದನ್ನು ನೋಡಿ ಒಂದು ಸಂಜೆ ನಮ್ಮ ಬೀದಿಗೆ ಬಂದರು. ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು, ನಮ್ಮ ಚೊಂಬಿನಲ್ಲಿ ನೀರು ಕುಡಿದು, "ನಿಮ್ಮ ಹುಡುಗನ್ನ ಮುಂದಿನ ವರ್ಷ ನಾಲ್ಕಕ್ಕೆ ಹಾಕಲ್ಲ, ಒಂದೇ ಸಲ ಐದಕ್ಕೆ ಹಾಕ್ತೀನಿ," ಎಂದರು. ಅಪ್ಪನಿಗೆ ಡಬಲ್ ಪ್ರಮೋಷನ್ ಎಂಬುದು ಅರ್ಥವಾಗಲಿಲ್ಲ. ಆದರೆ ಮೇಡಂ ನೀರು ಕುಡಿದದ್ದು ಅರ್ಥವಾಯಿತು. ನಮ್ಮ ಬೀದಿಯವರು ಆ ಚೊಂಬಿನ ವಿಷಯವನ್ನೇ ಒಂದು ತಿಂಗಳು ಮಾತಾಡಿಕೊಂಡರು. ಇನ್‌ಸ್ಪೆಕ್ಟರು ಬಂದು ನನ್ನನ್ನು ನಿಲ್ಲಿಸಿ ಮಗ್ಗಿ ಕೇಳಿ, ಕನ್ನಡ ಓದಿಸಿ, ಒಪ್ಪಿಗೆ ಬರೆದುಕೊಟ್ಟ ದಿನ ಅಪ್ಪ ಇಡೀ ಬೀದಿಗೆ ಕಡ್ಲೆಪುರಿ ಹಂಚಿದ.

ನಾನು ಈ ಜಾಗಕ್ಕೆ ಬಂದದ್ದು ಆ ಹೆಂಗಸಿನಿಂದ. ಹುಡುಗಿಯನ್ನೂ ಹಾಗೇ ಒಂದು ತರಗತಿ ಹಾರಿಸಿಬಿಡಬೇಕು ಎಂಬುದು ನನ್ನ ಯೋಚನೆ. ಅದಕ್ಕೆ ದಾರಿ ಕೇಳೋಣವೆಂದು ಒಂದು ಭಾನುವಾರ ಅರಕಲಗೂಡಿಗೆ ಹೋದೆ. ಮೇಡಂ ಆ ತಾಲ್ಲೂಕಿನಲ್ಲೇ ಬಹಳ ವರ್ಷ ಕೆಲಸ ಮಾಡಿ ನಿವೃತ್ತಿಯಾಗಿ, ಪೇಟೆಯಲ್ಲಿ ಒಂದು ಮಹಡಿ ಮನೆಯಲ್ಲಿ ತಂಗಿಯ ಜೊತೆ ಇದ್ದರು. ತಂಗಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಇಬ್ಬರೂ ಮದುವೆಯಾಗಿರಲಿಲ್ಲ. ಎಪ್ಪತ್ತು ದಾಟಿದ್ದರೂ ಮೇಡಂ ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದರು.

ಮಡಚಿದ ಕಾಗದದ ಕಥೆಯನ್ನು ಹೇಳಿದೆ. ಅವರು ನನ್ನಿಂದ ಎರಡೆರಡು ಸಲ ಹೇಳಿಸಿದರು. "ಮನ್ಸಲ್ಲೇ ಮಡಚಿಕೊಂಡು ಹೋದ್ರೆ ಅಂದ್ಲಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ನಕ್ಕರು. ಡಬಲ್ ಪ್ರಮೋಷನ್ ಮಾತು ತೆಗೆದಾಗ ಆ ನಗು ಹೋಯಿತು.

"ಈಗ ಆಗಲ್ಲ. ಮಕ್ಕಳ ವಯಸ್ಸು, ತರಗತಿ ಎಲ್ಲ ಕಂಪ್ಯೂಟರಿನಲ್ಲಿ ಕೂತಿದೆ, ಒಂದು ಬಿಟ್ಟು ಇನ್ನೊಂದಕ್ಕೆ ಹಾಕೋಕೆ ಬಿಡಲ್ಲ," ಎಂದರು. "ಆಗಿದ್ರೂ ನಾನು ಬೇಡ ಅಂತಿದ್ದೆ ಕಣಪ್ಪ. ನಿನ್ನ ವಿಷಯದಲ್ಲಿ ನಾನು ತಪ್ಪು ಮಾಡಿದೆ."

"ಯಾವ ತಪ್ಪು ಮೇಡಂ?" ಎಂದೆ.

"ಅರ್ಧಕ್ಕೆ ಮೂರನೇ ಒಂದು ಕೂಡಿಸಿದ್ರೆ ಐದನೇ ಎರಡು ಅಂದಿದ್ದೆ ನೀನು. ನೆನಪಿದೆಯಾ?"

ನೆನಪಿಲ್ಲದೆ ಏನು. ಭಿನ್ನರಾಶಿ ಶುರುವಾಗುವುದು ನಾಲ್ಕನೇ ತರಗತಿಯಲ್ಲಿ. ನಾನು ನಾಲ್ಕನ್ನು ನೋಡಿರಲೇ ಇಲ್ಲ. ಐದರಲ್ಲಿ ಎಲ್ಲರಿಗೂ ಬರುವುದು ನನಗೊಬ್ಬನಿಗೆ ಬರುತ್ತಿರಲಿಲ್ಲ. ಬುದ್ಧಿವಂತ ಎಂದು ಹೆಸರು ಬೇರೆ ಬಿದ್ದಿದೆ, ಕೇಳುವುದು ಹೇಗೆ. ಅರ್ಧ ವರ್ಷ ಪಕ್ಕದವನ ಸ್ಲೇಟು ನೋಡಿ ಬರೆದೆ. ಸಿಕ್ಕಿಬಿದ್ದ ದಿನ ಮೇಡಂ ಬೈಯಲಿಲ್ಲ. ಹಳೇ ಪೇಪರನ್ನು ಒಂದೇ ಅಳತೆಯ ಪಟ್ಟಿಗಳಾಗಿ ಕತ್ತರಿಸಿ, ಎರಡಾಗಿ, ಮೂರಾಗಿ, ಆರಾಗಿ ಮಡಚಿಸಿ, ಒಂದು ತಿಂಗಳು ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಕಲಿಸಿದರು. ಕೊನೆಯ ಬಸ್ಸು ತಪ್ಪಿಸಿಕೊಂಡು ಎರಡು ಸಲ ಊರಿನಲ್ಲೇ ಯಾರದೋ ಮನೆಯಲ್ಲಿ ಉಳಿದುಕೊಂಡರು.

"ಅದನ್ನ ನೀವು ಆಗಲೇ ಸರಿ ಮಾಡಿದ್ರಲ್ಲ ಮೇಡಂ," ಎಂದೆ.

"ಲೆಕ್ಕ ಸರಿ ಮಾಡಿದೆ. ಮಧ್ಯಾಹ್ನ ನೀನು ಬುತ್ತಿ ಬಿಚ್ಚಿ ಯಾರ ಜೊತೆ ಕೂರ್ತಿದ್ದೆ ಹೇಳು. ಮೂರನೇ ಕ್ಲಾಸಿನ ನಿನ್ನ ಜೊತೆಗಾರರು ಹಿಂದೆ ಉಳಿದ್ರು. ಐದನೇ ಕ್ಲಾಸಿನೋರು ನಿನ್ನ ಹತ್ರ ಸೇರಿಸಲಿಲ್ಲ. ಅವರು ಸೇರಿಸದೆ ಇರೋದಕ್ಕೆ ಆಗಲೇ ಒಂದು ಕಾರಣ ಇತ್ತು, ನಾನು ಇನ್ನೊಂದು ಕೊಟ್ಟೆ. ಎರಡು ವರ್ಷ ಬಾವಿ ಕಟ್ಟೆ ಮೇಲೆ ಒಬ್ಬನೇ ಕೂತು ತಿಂದೆ. ನಾನು ಕಿಟಕಿಯಿಂದ ನೋಡ್ತಿದ್ದೆ."

ಅದನ್ನು ಯಾರೂ ನೋಡಿಲ್ಲ ಎಂದು ನಾನು ನಲವತ್ತು ವರ್ಷದಿಂದ ಅಂದುಕೊಂಡಿದ್ದೆ. ಮೇಡಂ ತಂಗಿ ಕಾಫಿ ತಂದಿಟ್ಟು ಒಳಗೆ ಹೋದರು.

ಕಾಫಿ ಆದ ಮೇಲೆ ಮೇಡಂ ಗೆರೆ ಹಾಕಿದ ಒಂದು ಹಳೇ ನೋಟ್ ಪುಸ್ತಕ ತಂದರು. ಕೆಲಸ ಮಾಡಿದ ಪ್ರತಿ ಶಾಲೆಯಲ್ಲೂ ಚುರುಕಾಗಿದ್ದ ಮಕ್ಕಳ ಬಗ್ಗೆ ಒಂದೊಂದು ಪುಟ. ಹೆಸರು, ಆ ಮಗು ಏನು ಹೇಳಿತು ಅಥವಾ ಮಾಡಿತು, ಅದಕ್ಕಾಗಿ ಇವರು ಏನು ಮಾಡಿದರು, ಆಮೇಲೆ ಏನಾಯಿತು. ಅಂಕ ಎಲ್ಲೂ ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ನಾನು ಕೇಳಬೇಕೆಂದಿದ್ದ ಚರಿತ್ರೆ ಅಲ್ಲಿತ್ತು. ಪುಟ ತಿರುಗಿಸುತ್ತ ಅವರು ಹೇಳುತ್ತ ಹೋದರು.

ಅವರ ತಂದೆ ಓದಿದ್ದು ಕೂಲಿಮಠದಲ್ಲಿ. ಅಲ್ಲಿ ತರಗತಿ ಎಂಬುದೇ ಇಲ್ಲ. ಒಂದೇ ಜಗುಲಿಯಲ್ಲಿ ಎಲ್ಲರೂ ಮರಳಿನ ಮೇಲೆ ತಿದ್ದುವುದು, ಯಾರು ಎಷ್ಟು ಬೇಗ ಕಲಿಯುತ್ತಾನೋ ಅಷ್ಟು ಬೇಗ ಮುಂದಕ್ಕೆ. "ಚುರುಕು ಹುಡುಗರಿಗೆ ಅದಕ್ಕಿಂತ ಒಳ್ಳೇದು ಆಮೇಲೆ ಬರಲಿಲ್ಲ. ಆದ್ರೆ ಆ ಜಗುಲಿ ಹತ್ತೋಕೆ ನನ್ನ ಥರದ ಹೆಣ್ಣುಮಕ್ಕಳನ್ನ ಬಿಡ್ತಿರಲಿಲ್ಲ, ನಿನ್ನ ತಾತನ್ನೂ ಬಿಡ್ತಿರಲಿಲ್ಲ," ಎಂದರು. ಆಮೇಲೆ ಶಾಲೆ ಬಂತು, ತರಗತಿ ಬಂತು, ಬಾಗಿಲು ಅಗಲವಾಯಿತು, ಆದರೆ ಎಲ್ಲರೂ ಒಂದೇ ಹೆಜ್ಜೆ ಹಾಕಬೇಕಾಯಿತು. ಇವರು ಹುಡುಗಿಯಾಗಿದ್ದಾಗ ಚುರುಕಾದವರನ್ನು ಮಾನಿಟರ್ ಮಾಡಿ ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಹಚ್ಚುತ್ತಿದ್ದರು. ಮೇಷ್ಟ್ರಿಗೆ ಅನುಕೂಲ, ಮಗು ಮಾತ್ರ ಗೊತ್ತಿರುವುದನ್ನೇ ಹೇಳುತ್ತ ಕೂರುತ್ತಿತ್ತು. ಅದಾದ ಮೇಲೆ ಇನ್‌ಸ್ಪೆಕ್ಟರುಗಳ ಡಬಲ್ ಪ್ರಮೋಷನ್. ಆಮೇಲೆ ವಿದ್ಯಾರ್ಥಿವೇತನದ ಪರೀಕ್ಷೆ, ವಸತಿ ಶಾಲೆಗಳ ಆಯ್ಕೆ ಪರೀಕ್ಷೆ. "ಅವೆಲ್ಲ ಒಳ್ಳೇವೇ. ಎಷ್ಟೋ ಮನೆ ಬೆಳಗಿವೆ. ಆದ್ರೆ ಆರಿಸಿಕೊಂಡು ಎತ್ತಿಕೊಂಡು ಹೋಗೋದು ಒಂದು, ಇರೋ ಕಡೇನೇ ಕಲಿಸೋದು ಇನ್ನೊಂದು. ಎರಡನೇದು ಮೇಷ್ಟ್ರ ಕೆಲಸ."

"ಈಗ ನಾನೇನು ಮಾಡ್ಲಿ ಮೇಡಂ?"

"ಮೇಲಕ್ಕೆ ಹಾರಿಸಬೇಡ. ಅವಳ ಕ್ಲಾಸಿನಲ್ಲೇ ಇರ್ಲಿ, ಜೊತೆಯವರ ಜೊತೆ ಕುಂಟೆಬಿಲ್ಲೆ ಆಡ್ಲಿ. ಹದಿನೈದು ದಿನಕ್ಕೊಂದು ಶನಿವಾರ ಮಧ್ಯಾಹ್ನ ಇಲ್ಲಿಗೆ ಕರಕೊಂಡು ಬಾ. ನಾನಿನ್ನೂ ಸತ್ತಿಲ್ಲವಲ್ಲ."

ತಾಯಿಯನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಮಗಳನ್ನು ಒಬ್ಬಳೇ ಕಳಿಸಲಾರೆ, ತಾನೂ ಬರುತ್ತೇನೆ ಎಂದಳು. ಶನಿವಾರ ಬೆಳಗಿನ ಶಾಲೆ. ಪಾತ್ರೆ ತೊಳೆದಿಟ್ಟು, ಸೀರೆ ಬದಲಾಯಿಸಿಕೊಂಡು, ಮಗಳ ತಲೆ ಬಾಚಿ ಬಸ್ ಸ್ಟಾಪಿಗೆ ಬರುತ್ತಿದ್ದಳು. ಮೂವರೂ ಹೊಳೆನರಸೀಪುರಕ್ಕೆ ಹೋಗಿ ಅಲ್ಲಿಂದ ಅರಕಲಗೂಡಿನ ಬಸ್ಸು ಹತ್ತುತ್ತಿದ್ದೆವು.

ಮೇಡಂ ಪಾಠ ಮಾಡುವುದನ್ನು ನೋಡುತ್ತ ನಾನು ಇಪ್ಪತ್ತೈದು ವರ್ಷ ಏನು ಮಾಡಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಮುಂದಿನ ತರಗತಿಯ ಪುಸ್ತಕ ತೆಗೆಯುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನಕ್ಕೆ ಒಂದು ಪ್ರಶ್ನೆ, ಅಷ್ಟೆ. ಉತ್ತರ ಬಂದ ಕೂಡಲೇ ಶಹಭಾಸ್ ಎನ್ನುತ್ತಿರಲಿಲ್ಲ. "ನಿಂಗೆ ಹೆಂಗೆ ಗೊತ್ತಾಯ್ತು? ನಂಗೆ ನಂಬಿಕೆ ಬರೋ ಹಾಗೆ ಹೇಳು," ಎನ್ನುತ್ತಿದ್ದರು. ಕ್ರಮ ಬರೆಯದ ಹುಡುಗಿ ಅವರನ್ನು ನಂಬಿಸುವುದಕ್ಕಾಗಿ ಕ್ರಮ ಹೇಳಲು ಕಲಿತಳು. ನಾನು ಅಂಕ ಕತ್ತರಿಸಿ ಮಾಡಲಾಗದ್ದನ್ನು ಅವರು ಕುತೂಹಲ ತೋರಿಸಿ ಮಾಡಿದರು. ಅದೇ ಪ್ರಶ್ನೆಗಳನ್ನು ನಾನು ಸೋಮವಾರ ಇಡೀ ತರಗತಿಗೆ ಹಾಕತೊಡಗಿದೆ. ಅಂಥ ಪ್ರಶ್ನೆಗಳಿಗೆ ಬಾಯಿ ಬಿಡುವವರು ನಾನು ದಡ್ಡರೆಂದುಕೊಂಡಿದ್ದ ಮಕ್ಕಳಲ್ಲೂ ಇದ್ದರು.

ನಾಲ್ಕನೆಯದೋ ಐದನೆಯದೋ ಶನಿವಾರ ಮೇಡಂ ಕೊಟ್ಟದ್ದು ತಕ್ಕಡಿಯ ಲೆಕ್ಕ. ಒಂದರಿಂದ ನಲವತ್ತರವರೆಗೆ ಎಷ್ಟು ಪೂರ್ತಿ ಕಿಲೋ ಕೇಳಿದರೂ ತೂಗಬೇಕು. ಆದಷ್ಟು ಕಡಿಮೆ ಕಲ್ಲುಗಳಿರಬೇಕು. ಯಾವ ಯಾವ ಕಲ್ಲು ಇಟ್ಟುಕೊಳ್ಳುತ್ತೀಯ?

ಹುಡುಗಿ ನೆಲದ ಮೇಲೆ ಕೂತು ಬರೆದಳು. ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಆರು ಕಲ್ಲು. ಒಂಬತ್ತು ವರ್ಷದವಳಿಗೆ ಅದೇ ದೊಡ್ಡದು. ನಾನಂತೂ ಹಿಗ್ಗಿದೆ. ಮೇಡಂ, "ನಾಲ್ಕೇ ಕಲ್ಲಲ್ಲಿ ಆಗುತ್ತೆ," ಎಂದರು.

ಹುಡುಗಿ ಮತ್ತೆ ಬಗ್ಗಿ ಕೂತಳು. ಅರ್ಧ ಗಂಟೆಯಾಯಿತು. ಬಾಗಿಲ ಹತ್ತಿರ ಕೂತು ಮೇಡಂ ತಂಗಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದ ತಾಯಿ ಮೊರದಿಂದ ತಲೆಯೆತ್ತಿ ಮೆಲ್ಲಗೆ ಕೇಳಿದಳು.

"ಕಲ್ಲ ಸಾಮಾನಿನ ಕಡೀಕೂ ಆಕ್ಬೋದಾ ಮೇಡಂ?"

ಮೇಡಂ ಕತ್ತು ತಿರುಗಿಸಿದರು. "ಯಾಕೆ ಕೇಳ್ದೆ?"

"ಚಿಕ್ಕೋಳಿದ್ದಾಗ ನಮ್ಮವ್ವನ ಜೊತೆ ಸಂತೇಲಿ ತರಕಾರಿ ಮಾರ್ತಿದ್ದೆ. ಒಂದೂವರೆ ಕೆಜಿ ಕೇಳ್ತಿದ್ರು. ಒಂದರ ಕಲ್ಲು ಕಳ್ದೋಗಿತ್ತು. ಎರಡರ ಕಲ್ಲ ಆ ಕಡೀಕಾಕಿ, ಅರ್ಧದ ಕಲ್ಲ ಬದ್ನೇಕಾಯಿ ಕಡೀಕಾಕ್ತಿದ್ದೆ. ಸರೋಯ್ತಿತ್ತು."

"ಹಾಕಬೋದು," ಎಂದರು ಮೇಡಂ. "ಇವತ್ತಿಗೆ ಸಾಕು. ಇಬ್ಬರೂ ಯೋಚನೆ ಮಾಡಿಕೊಂಡು ಬನ್ನಿ. ಒಬ್ಬರಿಗೊಬ್ಬರು ಹೇಳಿಕೊಡೋ ಹಾಗಿಲ್ಲ."

ಮುಂದಿನ ಹದಿನೈದು ದಿನ ಅಡುಗೆ ಕೋಣೆಯ ಒಲೆಯ ಪಕ್ಕದ ಗೋಡೆಯಲ್ಲಿ ಇದ್ದಿಲಿನ ಗೀರುಗಳು ಕಾಣತೊಡಗಿದವು. ಮುಖ್ಯೋಪಾಧ್ಯಾಯರು ಯಾವ ಮಗು ಹೀಗೆ ಗೀಚಿದ್ದು ಎಂದು ವಿಚಾರಿಸಿದರು. ಯಾರೂ ಒಪ್ಪಲಿಲ್ಲ.

ಆ ಶನಿವಾರ ಬಸ್ಸಿನಲ್ಲಿ ತಾಯಿ ಮಗಳು ಬೇರೆ ಬೇರೆ ಸೀಟಿನಲ್ಲಿ ಕೂತರು. ಮೇಡಂ ಮುಂದೆ ಮೊದಲು ಮಗಳು ಹೇಳಿದಳು. ಐದು ಕಲ್ಲಿಗೆ ಇಳಿಸಿದ್ದಳು, ನಾಲ್ಕಕ್ಕೆ ಆಗಿರಲಿಲ್ಲ. ತಾಯಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಒಂದು, ಮೂರು, ಒಂಬತ್ತು, ಇಪ್ಪತ್ತೇಳು," ಎಂದಳು.

"ಹೆಂಗೆ? ನಂಗೆ ನಂಬಿಕೆ ಬರಬೇಕು."

"ಒಂದೂ ಮೂರೂ ಇದ್ರೆ ನಾಕರ ತಂಕ ಆಯ್ತದೆ ಮೇಡಂ. ಎರಡು ಬೇಕಂದ್ರೆ ಮೂರು ಆ ಕಡೀಕೆ, ಒಂದು ಸಾಮಾನಿನ ಕಡೀಕೆ. ಐದು ಬೇಕಂದ್ರೆ? ನನ್ತಾವ ಇರೋ ನಾಕನ್ನೂ ಸಾಮಾನಿನ ಕಡೀಕೆ ಆಕ್ಬುಡ್ತೀನಿ. ಐದೂ ನಾಕೂ ಒಂಬತ್ತು. ಆ ಕಡೀಕೆ ಒಂಬತ್ತರ ಕಲ್ಲು ಇದ್ರೆ ಸಮ ಆಯ್ತು. ಈಗ ಮೂರು ಕಲ್ಲೂ ಸೇರಿ ಹದಿಮೂರರ ತಂಕ ಬಂತು. ಹದಿನಾಕು ಬೇಕಂದ್ರೆ ಅಂಗೇ ಮಾಡದು. ಹದಿನಾಕೂ ಹದಿಮೂರೂ ಇಪ್ಪತ್ತೇಳು. ಎಲ್ಲಾ ಸೇರುಸಿದ್ರೆ ನಲವತ್ತು."

ಮಗಳು ಬಾಯಿ ತೆರೆದುಕೊಂಡು ತಾಯಿಯನ್ನೇ ನೋಡುತ್ತಿದ್ದಳು. ನಾನೂ ಅಷ್ಟೆ. ಆ ಲೆಕ್ಕದ ಉತ್ತರ ನನಗೆ ಮೊದಲೇ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಅದನ್ನು ಅಷ್ಟು ತಿಳಿಯಾಗಿ ವಿವರಿಸಲು ನನಗೆ ಬರುತ್ತಿರಲಿಲ್ಲ.

ಮೇಡಂ ಕುರ್ಚಿಯಿಂದ ಎದ್ದು ಬಂದು ಅವಳ ಎದುರಿಗೆ ನೆಲದ ಮೇಲೆ ಕೂತರು. ಮಂಡಿ ನೋವಿನಿಂದ ಅವರು ನೆಲಕ್ಕೆ ಕೂರುವುದನ್ನು ಬಿಟ್ಟು ವರ್ಷಗಳಾಗಿದ್ದವು.

"ಎಷ್ಟನೇ ಕ್ಲಾಸಿಗೆ ಬಿಟ್ಟೆ?"

"ಏಳು."

"ಯಾರು ಬಿಡಿಸಿದ್ರು?"

"ಯಾರೂ ಬುಡಿಸ್ನಿಲ್ಲ. ಐಸ್ಕೂಲು ದೂರ ಇತ್ತು. ಬಾ ಅಂತ ಕರಿಯೋರೂ ಯಾರೂ ಬರ್ನಿಲ್ಲ."

"ಯಾವೂರು ನಿಂದು?"

ಅವಳು ತವರಿನ ಹೆಸರು ಹೇಳಿದಳು. ಅದು ಅರಕಲಗೂಡು ತಾಲ್ಲೂಕಿನದೇ. ಮೇಡಂ ತಮ್ಮ ನೋಟ್ ಪುಸ್ತಕದ ಕಡೆ ತಿರುಗಿ ನೋಡಿದರು. "ಆಗ ನಾನು ನಿಮ್ಮ ಪಕ್ಕದೂರಿನ ಶಾಲೇಲಿದ್ದೆ," ಎಂದರು. "ಮೂರು ಮೈಲಿ. ನನ್ನ ಪುಸ್ತಕದಲ್ಲಿ ನೀನಿಲ್ಲ. ನಾನು ನನ್ನ ಶಾಲೆಗೆ ಬಂದ ಮಕ್ಕಳನ್ನ ಮಾತ್ರ ಬರೆದೆ."

ತಾಯಿ ಗಾಬರಿಯಾಗಿ, "ಬುಡಿ ಮೇಡಂ, ನಿಮ್ದೇನು ತಪ್ಪು ಅದೆ ಅದ್ರಲ್ಲಿ," ಎಂದಳು. ಮೇಡಂ ಅವಳ ಕೈ ಹಿಡಿದುಕೊಂಡರು. ಆ ಕೈಯಲ್ಲಿ ಅರಿಶಿನದ ಕಲೆಯೂ ಒಲೆಯ ಸುಟ್ಟ ಗುರುತುಗಳೂ ಇದ್ದವು. "ಎಸ್ಸೆಸ್ಸೆಲ್ಸಿ ಕಟ್ಟು. ಶಾಲೆಗೆ ಹೋಗಬೇಕಿಲ್ಲ, ಖಾಸಗಿಯಾಗಿ ಕೂರಬೋದು. ಲೆಕ್ಕ ಇವನು ಹೇಳ್ತಾನೆ. ಮಿಕ್ಕಿದ್ದು ನಾನು, ನನ್ನ ತಂಗಿ."

ಅವಳು ಆಗಲಿ ಎನ್ನಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯಾಚೆ ನೋಡುತ್ತಿದ್ದಳು. ಹೊಳೆನರಸೀಪುರದಲ್ಲಿ ಇಳಿಯುವಾಗ ಮಾತ್ರ, "ಇಂಗ್ಲೀಸು ಬರಲ್ವಲ್ಲ ಸಾ," ಎಂದಳು. ಒಪ್ಪಿದ್ದಾಳೆ ಎಂದು ನನಗೆ ತಿಳಿಯಿತು.

ಹೀಗೆ ನಮ್ಮ ಶನಿವಾರಕ್ಕೆ ಇಬ್ಬರು ವಿದ್ಯಾರ್ಥಿಗಳಾದರು. ಮಗಳು ಒಂದು ಮೂಲೆಯಲ್ಲಿ ತನ್ನ ಒಂದೇ ಪ್ರಶ್ನೆಯೊಂದಿಗೆ, ತಾಯಿ ಇನ್ನೊಂದು ಮೂಲೆಯಲ್ಲಿ ಇಂಗ್ಲಿಷ್ ಕ್ರಿಯಾಪದಗಳೊಂದಿಗೆ. ವಿಜ್ಞಾನವನ್ನು ಮೇಡಂ ತಂಗಿ ಹೇಳುತ್ತಿದ್ದರು. ರಕ್ತ ಪರಿಚಲನೆಯ ಪಾಠವನ್ನು ಅವರು ಹೇಳಿದ ಹಾಗೆ ಹೇಳಿದ್ದನ್ನು ನಾನು ಯಾವ ಶಾಲೆಯಲ್ಲೂ ಕೇಳಿಲ್ಲ.

ಹುಡುಗಿ ಐದನೇ ತರಗತಿಗೆ ಬಂದಾಗ ನಾನು ಅವಳಿಂದ ಕೇಂದ್ರ ಸರ್ಕಾರದ ವಸತಿ ಶಾಲೆಯ ಆಯ್ಕೆ ಪರೀಕ್ಷೆಗೆ ಅರ್ಜಿ ಹಾಕಿಸಿದೆ. ಮೇಡಂಗೆ ಅಷ್ಟು ಉತ್ಸಾಹವಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಖಂಡಿತ ಸಿಗುತ್ತದೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಆಗಲೇ ಹೇಳಿಕೊಂಡು ತಿರುಗಿದ್ದೆ. ಪರೀಕ್ಷೆ ಮುಗಿಸಿ ಹೊರಬಂದವಳ ಮುಖ ಅರಳಿತ್ತು.

"ಹೆಂಗಿತ್ತವ್ವ?"

"ಒಂದು ಚಿತ್ರದ ಲೆಕ್ಕ ಇತ್ತು ಸಾ. ಕಾಗದ ಮಡಚಿ ತೂತು ಮಾಡಿ ಬಿಡಿಸಿದ್ರೆ ಎಂಗಿರ್ತದೆ ಅಂತ. ಅವರು ನಾಕು ಉತ್ತರ ಕೊಟ್ಟವ್ರೆ. ಆದ್ರೆ ಮಡಚೋದನ್ನ ಬ್ಯಾರೆ ಥರ ಮಡಚಿದ್ರೆ ಎಷ್ಟು ಥರ ತೂತು ಬತ್ತವೆ ಅಂತ ನೋಡ್ತಾ ಕೂತ್ಕಂಡೆ. ಹನ್ನೊಂದು ಥರ ಸಿಕ್ತು."

"ಮಿಕ್ಕ ಪ್ರಶ್ನೆ?"

"ಗಂಟೆ ಒಡೆದ್ಬುಟ್ರು."

ಫಲಿತಾಂಶದಲ್ಲಿ ಅವಳ ನಂಬರಿರಲಿಲ್ಲ. ಆ ಪರೀಕ್ಷೆಗೆ ಇನ್ನೊಂದು ಸಲ ಕೂರುವ ಹಾಗೂ ಇಲ್ಲ. ನನಗೆ ಎರಡು ದಿನ ಊಟ ಸೇರಲಿಲ್ಲ. ಅಡುಗೆ ಕೋಣೆಗೆ ಹೋಗಿ ತಾಯಿಗೆ ಹೇಳಿದಾಗ ಅವಳು ಸಾರಿಗೆ ಒಗ್ಗರಣೆ ಹಾಕುತ್ತಲೇ, "ಓಗ್ಲಿ ಬುಡಿ ಸಾ. ಕಣ್ಣೆದುರಿಗೇ ಕಲೀತಾಳೆ. ನಂಗೂ ಅವ್ಳಿಲ್ದೆ ಅರಕಲಗೂಡಿಗೆ ಒಬ್ಳೇ ಓಗೋಕೆ ಬ್ಯಾಸ್ರ," ಎಂದಳು. ಆಮೇಲೆ ಯೋಚಿಸಿದಾಗ ನಾಚಿಕೆಯಾಯಿತು. ಸಿಗದೆ ಹೋದ ಸೀಟು ನನ್ನ ಹೆಸರಿಗೆ ಬೇಕಾಗಿತ್ತು. ಅವರಿಬ್ಬರಿಗೆ ಅದು ಇಲ್ಲದಿದ್ದರೂ ನಡೆಯುತ್ತಿತ್ತು.

ತಾಯಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತದ್ದು ಎಲ್ಲರೂ ಮಾಸ್ಕ್ ಹಾಕಿಕೊಂಡು ಪರೀಕ್ಷೆ ಬರೆದ ವರ್ಷ. ಅದಕ್ಕೆ ಮುಂಚಿನ ಮೂರು ತಿಂಗಳು ಬಸ್ಸಿಲ್ಲ, ಶನಿವಾರವಿಲ್ಲ. ಮೇಡಂ ದಿನಾ ಬೆಳಗ್ಗೆ ಏಳಕ್ಕೆ ಫೋನು ಮಾಡಿ ಒಂದು ಗಂಟೆ ಪಾಠ ಓದಿಸುತ್ತಿದ್ದರು. ಪರೀಕ್ಷಾ ಕೇಂದ್ರದಲ್ಲಿ ಅವಳ ಪಕ್ಕದ ಬೆಂಚಿನಲ್ಲಿ ಕೂತಿದ್ದವಳು ಕೆಲವೇ ವರ್ಷದ ಹಿಂದೆ ಅವಳ ಕೈಯ ಬಿಸಿಯೂಟ ಉಂಡ ಹುಡುಗಿಯಂತೆ. ಗಣಿತದಲ್ಲಿ ಅವಳು ತೆಗೆದ ಅಂಕ ನೋಡಿ ನಾನು ಮೂರು ಸಲ ಕನ್ನಡಕ ಒರೆಸಿದೆ. ಇಂಗ್ಲಿಷ್ ಹೋಗಿತ್ತು. ಪೂರಕ ಪರೀಕ್ಷೆಯಲ್ಲಿ ಅದೂ ಬಂತು. ಅಂಕಪಟ್ಟಿ ಬಂದ ಶನಿವಾರ ಮೇಡಂ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ತಾಯಿ ಅಷ್ಟು ಹೊತ್ತೂ ಮಗಳ ಹಿಂದೆ ಮುಖ ಮರೆಸಿಕೊಂಡು ನಿಂತಿದ್ದಳು.

ಆಮೇಲೆ ಅವಳು ಪಿಯುಸಿಯನ್ನೂ ಹಾಗೇ ಮುಗಿಸಿದಳು. ಈಗಲೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಅಂಗನವಾಡಿ ಕಾರ್ಯಕರ್ತೆಯ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ, ಪಟ್ಟಿ ಇನ್ನೂ ಬಂದಿಲ್ಲ. ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದಿರುವ ಗಣಿತದ ಟೀಚರ್ ಹೇಳಿದ ಪ್ರಕಾರ, ಮಧ್ಯಾಹ್ನ ಊಟವಾದ ಮೇಲೆ ಲೆಕ್ಕ ಹೊಳೆಯದ ಮಕ್ಕಳು ಸ್ಟಾಫ್ ರೂಮಿಗೆ ಬರುವುದಿಲ್ಲ, ಅಡುಗೆ ಕೋಣೆಗೆ ಹೋಗುತ್ತಾರೆ.

ಮೇಡಂಗೆ ಎಂಬತ್ತಾಗಿದೆ. ಕಣ್ಣಿನ ಆಪರೇಷನ್ ಆಗಿ ಈಗ ದಪ್ಪ ಕನ್ನಡಕ. ಅವರನ್ನು ಸನ್ಮಾನಿಸಬೇಕೆಂದು ಕೆಲವರು ಕೇಳಿಕೊಂಡು ಹೋಗಿದ್ದರು. ಶಾಲು ಬೇಡ, ಬರುವುದಾದರೆ ಒಂದು ಒಳ್ಳೆಯ ಪ್ರಶ್ನೆ ತನ್ನಿ ಎಂದು ಕಳಿಸಿದರಂತೆ. ಮಕ್ಕಳನ್ನು ಮುಂದೆ ತಂದೆವು ಎಂದು ಹೇಳಿಕೊಳ್ಳುವ ಎಷ್ಟೋ ಜನರನ್ನು ನನ್ನ ಕೆಲಸದ ದಿನಗಳಲ್ಲಿ ನೋಡಿದ್ದೇನೆ. ತಾನು ಎಲ್ಲಿ ಎಡವಿದೆ ಎಂದು ನಲವತ್ತು ವರ್ಷ ಮರೆಯದೆ ಇಟ್ಟುಕೊಂಡು, ಕೇಳಿದ ದಿನ ಮುಚ್ಚುಮರೆಯಿಲ್ಲದೆ ಹೇಳಿದವರು ಅವರೊಬ್ಬರೇ.

ಹುಡುಗಿ ಈ ಜೂನ್‌ನಲ್ಲಿ ಹಾಸನದ ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಳು. ದಿನಾ ಊರಿನಿಂದ ಬಸ್ಸಿನಲ್ಲಿ ಬರುತ್ತಾಳೆ. ನಾನೂ ಈಗ ಹಾಸನದಲ್ಲೇ ಇದ್ದೇನೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಸ್ನೇಹಿತೆಯರ ಗುಂಪಿನ ಮಧ್ಯೆ ಜೋರಾಗಿ ನಗುತ್ತಿದ್ದುದನ್ನು ದೂರದಿಂದ ನೋಡಿದೆ. ನಾಲ್ಕು ಹುಡುಗಿಯರು ಒಂದೇ ಕಾಗದದ ಪೊಟ್ಟಣದಿಂದ ಹುರಿಗಡಲೆ ತಿನ್ನುತ್ತಿದ್ದರು. ಮಾತಾಡಿಸೋಣವೆಂದು ಎರಡು ಹೆಜ್ಜೆ ಇಟ್ಟವನು, ಈಗ ಬೇಡ ಎನಿಸಿ ತರಕಾರಿ ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದೆ.